ಗಡ್ಡೆ ಮುಟ್ಟುವ ಮೊದಲು

ಹೊಲಿಗೆ ಅಂಗಡಿಯ ಅಕ್ಕನಿಗೆ ಅಂಜುಬುರುಕಿ ಎಂಬ ಹೆಸರು ಬಿದ್ದು ವರ್ಷಗಳೇ ಆಗಿದ್ದವು. ಬಟ್ಟೆ ಕತ್ತರಿಸುತ್ತಿದ್ದ ಹಾಗೆಯೇ ಎದೆ ಡವಡವ ಎನ್ನುತ್ತಿತ್ತು, ತಲೆ ಸಿಡಿಯುತ್ತಿತ್ತು, ಮೈಯೆಲ್ಲ ಬೆವತು ತೊಪ್ಪೆಯಾಗುತ್ತಿತ್ತು. ಎಲ್ಲವನ್ನೂ ಮನಸ್ಸಿಗೆ ಹಚ್ಚಿಕೊಳ್ಳುತ್ತಾಳೆ ಎಂದು ಮನೆಯವರು ಸುಮ್ಮನಿದ್ದರು. ಕೊನೆಗೆ ತಂಗಿ ಹಟ ಹಿಡಿದು ಆಸ್ಪತ್ರೆಗೆ ಕರೆದೊಯ್ದಳು. ಮೂತ್ರಪಿಂಡದ ನೆತ್ತಿಯ ಮೇಲಿನ ಗ್ರಂಥಿಯಲ್ಲಿ ನಿಂಬೆ ಗಾತ್ರದ ಗಡ್ಡೆ ಸಿಕ್ಕಿತು. ಹೆದರಿದಾಗ ರಕ್ತಕ್ಕೆ ಸೇರಿ ಒತ್ತಡ ಏರಿಸುವ ರಸವನ್ನು ಅದು ಕಾರಣವಿಲ್ಲದೆ ಸುರಿಯುತ್ತಿತ್ತು.

ಆ ವಾರವೇ ತೆಗೆದುಬಿಡೋಣ ಎಂದರು ಸರ್ಜನ್. ಅರಿವಳಿಕೆ ವೈದ್ಯೆ ಒಪ್ಪಲಿಲ್ಲ. ಆಕೆ ಅವರ ಹಳೆಯ ಶಿಷ್ಯೆ, ಅವರೆದುರು ದನಿ ಎತ್ತಿದವಳಲ್ಲ. ಮೊದಲು ರಕ್ತನಾಳ ಸಡಿಲಿಸುವ ಮಾತ್ರೆ ಹತ್ತಬೇಕು, ಮೈಗೆ ಉಪ್ಪು, ನೀರು ಧಾರಾಳವಾಗಿ ಸೇರಬೇಕು, ಅವಸರ ಮಾಡಿದರೆ ಮೇಜಿನ ಮೇಲೆಯೇ ಕೈಮೀರುತ್ತದೆ ಎಂದು ಮೆಲ್ಲಗೆ ಹೇಳಿದಳು. ಅವರು ಗೊಣಗುತ್ತಲೇ ಎರಡು ವಾರ ಕಾದರು.

ಶಸ್ತ್ರಚಿಕಿತ್ಸೆಯ ಹಿಂದಿನ ದಿನ ಅರಿವಳಿಕೆ ವೈದ್ಯೆ ವಾರ್ಡಿಗೆ ಹೋದಾಗ ಅಕ್ಕ ಕೇಳಿದಳು, "ಹಾಗಾದ್ರೆ ನಾನು ಅಂಜುಬುರುಕಿ ಅಲ್ವಾ, ಡಾಕ್ಟ್ರೇ?"

"ಇದನ್ನ ಇಟ್ಕೊಂಡು ಇಷ್ಟು ವರ್ಷ ಅಂಗಡಿ ನಡೆಸಿದೀರಿ. ನಿಮ್ಮ ಗುಂಡಿಗೆ ಗಟ್ಟಿ ಇದೆ, ಅಕ್ಕಾ."

ಅಕ್ಕ ಸ್ವಲ್ಪ ಹೊತ್ತು ಗೋಡೆ ಕಡೆ ತಿರುಗಿಕೊಂಡಿದ್ದಳು. ಆಮೇಲೆ ಕಣ್ಣೊರೆಸಿಕೊಂಡು, "ನಿಮ್ಮ ಕೋಟಿನ ಗುಂಡಿನೇ ಗಟ್ಟಿ ಇಲ್ಲ, ನೋಡಿ" ಎಂದಳು.

ಮರುದಿನ ಶಸ್ತ್ರಚಿಕಿತ್ಸೆಯ ಮೇಜಿನ ಮೇಲೆ ಅಕ್ಕನ ಮಣಿಕಟ್ಟಿಗೆ ಹಾಕಿದ್ದ ಸಣ್ಣ ನಳಿಕೆ ಪ್ರತಿ ಬಡಿತದ ಒತ್ತಡವನ್ನೂ ಪರದೆಗೆ ತರುತ್ತಿತ್ತು. ಸರ್ಜನ್ ಗಡ್ಡೆಯನ್ನು ಬಿಡಿಸತೊಡಗಿದ್ದೇ ತಡ, ಅಂಕಿ ಸರ್ರನೆ ಏರಿತು.

"ಸರ್, ಕೈ ತೆಗೀರಿ."

"ಇನ್ನೊಂಚೂರು, ಅಷ್ಟೇ."

"ಈಗ್ಲೇ ತೆಗೀರಿ, ಸರ್."

ಅವರು ತೆಗೆದರು. ಆಕೆ ಒತ್ತಡ ಇಳಿಸುವ ಔಷಧಿಯನ್ನು ಹೆಚ್ಚಿಸಿ ಪರದೆಯ ಮೇಲೆ ಕಣ್ಣು ನೆಟ್ಟಳು. ಅಂಕಿ ನಿಧಾನವಾಗಿ ಕೆಳಗೆ ಬಂದ ಮೇಲೆಯೇ ಮುಂದುವರಿಯಲು ಹೇಳಿದಳು.

ಗಡ್ಡೆಯಿಂದ ರಕ್ತ ಹೊರಗೊಯ್ಯುವ ನಾಳವನ್ನು ಕಟ್ಟುವ ಮುಂಚೆ ಸರ್ಜನ್ ತಾವಾಗಿಯೇ ನಿಂತರು.

"ಕಟ್ಟಲಾ, ಅಮ್ಮ?"

ಅವರು ಹಾಗೆ ಅಪ್ಪಣೆ ಕೇಳಿದ್ದು ಅದೇ ಮೊದಲು. ಆಕೆ ಇಳಿಸುವ ಔಷಧಿ ನಿಲ್ಲಿಸಿ, ಏರಿಸುವ ಔಷಧಿಯನ್ನು ಕೈಗೆತ್ತಿಕೊಂಡು ತಲೆಯಾಡಿಸಿದಳು. ಕಟ್ಟಿದೊಡನೆ ಗಡ್ಡೆಯ ರಸ ನಿಂತು ಒತ್ತಡ ಕುಸಿಯಿತು. ಹನಿಹನಿಯಾಗಿ ಔಷಧಿ, ಜೊತೆಗೆ ಸಲೈನ್ ಬಿಡುತ್ತ ಆಕೆ ಅದನ್ನು ಹಿಡಿದು ನಿಲ್ಲಿಸಿದಳು.

ಗಡ್ಡೆ ಹೋದ ಮೇಲೆ ಸಕ್ಕರೆ ಅಂಶ ಇಳಿಯಬಹುದೆಂದು ಆಕೆ ಮಂಚದ ಬಳಿಯೇ ಕೂತು ಅಕ್ಕನ ಬೆರಳಿನಿಂದ ರಕ್ತ ತೆಗೆದು ನೋಡುತ್ತಿದ್ದಳು. ಸಂಜೆ ತಂಗಿಯನ್ನು ಒಳಗೆ ಬಿಟ್ಟರು. ಅವಳು ಬಂದವಳೇ ಮಂಚದ ಕಂಬಿ ಹಿಡಿದು ಬಿಕ್ಕತೊಡಗಿದಳು. ಅಕ್ಕ ಮಾತಾಡುವಷ್ಟು ಎಚ್ಚರಾಗಿರಲಿಲ್ಲ. ತಂಗಿಯ ಕೈಯನ್ನು ಎಳೆದು ಎದೆಯ ಮೇಲೆ ಇಟ್ಟುಕೊಂಡು ನಿದ್ದೆಹೋದಳು.