ಕಿತ್ತಳೆ ಬಟನ್ನಿನ ಗೊರಕೆ

"ಈಗ ನಾನು ಹೇಳುವುದರಲ್ಲಿ ಒಂದಕ್ಷರ ಸುಳ್ಳಿದ್ದರೆ, ಸಾಯುವವರೆಗೆ ನನ್ನ ತಟ್ಟೆಗೆ ಬಂಗುಡೆಯ ಮುಳ್ಳು ಮಾತ್ರ ಬೀಳಲಿ."

ಹೀಗೆಂದು ನಾನು ಆಣೆ ಹಾಕಿದ್ದು ಶಾಮಸುಂದರರ ಎದುರಿಗೆ. ಅವರು ನಮ್ಮ ಕಂಪೆನಿಯ ಹೆಡ್ಡಾಫೀಸಿನ ಎಚ್ಚಾರ್ ವಿಭಾಗದವರು. ಒಂದೇ ಒಂದು ಪ್ರಶ್ನೆ ಕೇಳಲು ಅಬುಧಾಬಿಯಿಂದ ಕಾರು ಓಡಿಸಿಕೊಂಡು, ದುಬೈ ಇನ್ವೆಸ್ಟ್‌ಮೆಂಟ್ಸ್ ಪಾರ್ಕಿನಲ್ಲಿರುವ ನಮ್ಮ ಗೋಡೌನಿನಲ್ಲಿ ನಾನು ರೇಡಿಯೊ ನೋಡಿಕೊಳ್ಳುವ ಕಂಟ್ರೋಲ್ ರೂಮಿಗೆ ಬಂದಿದ್ದರು. ಬಂದವರೇ ಫೋನನ್ನು ರೆಕಾರ್ಡಿಂಗ್‌ಗೆ ಹಾಕಿ ಮೇಜಿನ ಮೇಲಿಟ್ಟರು.

"ನೋಡಿ ಜುವಾಕಿಂ ಅವ್ರೆ, ನಿನ್ನೆ ಮಧ್ಯಾಹ್ನ ಎಮರ್ಜೆನ್ಸಿ ಚಾನೆಲ್‌ನಲ್ಲಿ ಯಾರೋ ಗೊರಕೆ ಹೊಡ್ದಿದ್ದಾರೆ. ಗೇಟ್‌ನವರಿಗೆ ಮಾತಾಡೋಕೆ ಆಗದೆ ಲಾರಿಗಳೆಲ್ಲ ನಿಂತುಬಿಟ್ಟಿವೆ. ಅದು ಮೊಯ್ದೀನ್ ಗೊರಕೆ ಅಂತಾರೆ. ಹೌದಾ, ಇಲ್ವಾ? ಅಷ್ಟು ಹೇಳಿ, ನಾನು ಹೊರಟೆ."

ಮೊಯ್ದೀನ್ ನಮ್ಮ ಫೋರ್ಕ್‌ಲಿಫ್ಟ್ ವಿಭಾಗದ ಸೂಪರ್‌ವೈಸರ್. ಪಾಣೆಮಂಗಳೂರಿನ ಬ್ಯಾರಿ. ನನ್ನ ದೋಸ್ತಿ; ನಾನು ಅವನನ್ನು ಬ್ಯಾರಿಗಳೇ ಅನ್ನುವುದು, ಅವನು ಊರಿನಲ್ಲಿ ಕ್ರಿಶ್ಚಿಯನ್ನರನ್ನು ಕರೆಯುವ ಹಾಗೆ ನನ್ನನ್ನು ಪೊರ್ಬುಗಳೇ ಅನ್ನುವುದು. ಡ್ಯೂಟಿಯಲ್ಲಿ ಮಲಗಿದ್ದು ಸಾಬೀತಾದರೆ ವೀಸಾ ಖಲಾಸ್. ಅದೂ ಯಾವ ವಾರ? ಅವನ ಹೆಂಡತಿ ಖತೀಜಮ್ಮ ಜೀವನದಲ್ಲಿ ಮೊದಲ ಸಲ ದುಬೈ ನೋಡಲು ಬರುವ ವಾರ. ಟಿಕೇಟು ಆಗಿದೆ, ಮುಹೈಸ್ನಾದಲ್ಲಿ ಪರಿಚಯದವರ ಒಂದು ರೂಮು ಖಾಲಿ ಮಾಡಿಸಿಯಾಗಿದೆ, ಕಿಟಕಿಗೆ ಹೂವಿನ ಪರದೆಯೂ ಬಿದ್ದಿದೆ. ಈಗ ಇವನನ್ನು ಕಳಿಸಿದರೆ ಅವಳ ವಿಮಾನ ಇಳಿಯುವಾಗ ಇವನ ವಿಮಾನ ಏರುತ್ತದೆ. ಗಂಡ ಹೆಂಡತಿ ಆಕಾಶದಲ್ಲೇ ಒಬ್ಬರಿಗೊಬ್ಬರು ಕೈ ಬೀಸಬೇಕು.

"ಹೌದು ಅಂತ ಹೇಳುದಾ, ಇಲ್ಲ ಅಂತ ಹೇಳುದಾ ಅಂತ ಆಮೇಲೆ ನೋಡುವ ಸರ್," ಎಂದೆ. "ಮೊದಲು ಈ ಪೆಟ್ಟಿಗೆ ನೋಡಿ."

ಮೇಜಿನ ಮೇಲಿದ್ದ ನನ್ನ ಸ್ಕ್ಯಾನರನ್ನು ಅವರತ್ತ ಸರಿಸಿದೆ. ಗಾಳಿಯಲ್ಲಿ ಹಾರಾಡುವ ರೇಡಿಯೊ ಮಾತುಗಳನ್ನು ಒಂದೊಂದಾಗಿ ಹೆಕ್ಕಿ ಕೇಳಿಸುವ ಯಂತ್ರ ಅದು. ಕೆಲವರಿಗೆ ಸ್ಟಾಂಪು ಕೂಡಿಸುವ ಹುಚ್ಚು, ನನಗೆ ಇದು. ಈ ದೇಶದಲ್ಲಿ ಪೊಲೀಸರ ಮಾತು ಕೇಳುವ ಹಾಗಿಲ್ಲ. ಕೇಳಲು ಹೊರಟರೂ ಮಿಕ್ಸಿಯಲ್ಲಿ ತೆಂಗಿನಕಾಯಿ ಅರೆದ ಸದ್ದು ಬಿಟ್ಟು ಬೇರೇನೂ ಬರುವುದಿಲ್ಲ, ಎಲ್ಲ ಗುಟ್ಟು. ಹಾಗಾಗಿ ಕಂಪೆನಿಯ ಪರ್ಮಿಟ್ಟಿನಲ್ಲಿ ನಮ್ಮದೇ ಗೋಡೌನಿನ ಫೈರ್, ಸೆಕ್ಯುರಿಟಿ, ಫಸ್ಟ್ ಏಡ್ ಮಾತುಗಳನ್ನು ಕೇಳಿ ತೃಪ್ತಿಪಡುತ್ತೇನೆ. ಕೇಳಿ ಕೇಳಿ ಯಾರ ಕೆಮ್ಮು ಯಾರದ್ದು, ಯಾರು ಚಹಾ ಕುಡಿಯುತ್ತ ಮಾತಾಡುತ್ತಿದ್ದಾರೆ, ಎಲ್ಲ ಕಿವಿಗೆ ಗೊತ್ತು.

"ವಾಕಿಟಾಕಿ ಸೆಟ್ ನಂಬರ್ ಕಂಪ್ಯೂಟರ್‌ನಲ್ಲಿ ಬರಲ್ವಾ? ನಿಮ್ಮ ಕಿವಿ ಯಾಕೆ ಬೇಕು?" ಎಂದರು ಶಾಮಸುಂದರ.

"ನಂಬರ್ ಬರ್ತದೆ. ಆದ್ರೆ ಬೆಳಿಗ್ಗೆ ಚಾರ್ಜರಿನಿಂದ ಯಾರೂ ಸ್ವಂತ ಸೆಟ್ ತೆಗೆಯುದಿಲ್ಲ ಮಾರಾಯ್ರೆ. ಕೈಗೆ ಸಿಕ್ಕಿದ್ದು ತೆಗೆದು ಸೊಂಟಕ್ಕೆ ಸಿಕ್ಕಿಸಿ ಯಲ್ಲಾ ಅಂತ ಓಡ್ತಾರೆ. ನಿನ್ನೆ ಗೊರಕೆ ಹೊಡೆದ ನಂಬರ್ ಇವತ್ತು ಕ್ಯಾಂಟೀನ್‌ನವನ ಸೊಂಟದಲ್ಲಿ ಉಂಟು. ಅವನನ್ನು ಊರಿಗೆ ಕಳಿಸ್ತೀರಾ?"

ಶಾಮಸುಂದರ ನಿಟ್ಟುಸಿರು ಬಿಟ್ಟರು. ನಾನು ಅವರಿಗೆ ನಮ್ಮ ರೇಡಿಯೊ ವ್ಯವಸ್ಥೆಯನ್ನು ವಿವರಿಸಿದೆ. ಅದು ಮದುವೆ ಹಾಲಿನ ಊಟದ ಹಾಗೆ. ಕುರ್ಚಿ ಕಡಿಮೆ, ನೆಂಟರು ಜಾಸ್ತಿ. ಗೇಟಿನವರು, ಕ್ರೇನಿನವರು, ಫೈರಿನವರು, ಯಾರಿಗೂ ಸ್ವಂತ ಚಾನೆಲ್ ಇಲ್ಲ. ಬಟನ್ ಒತ್ತಿದಾಗ ಕಂಪ್ಯೂಟರು ಖಾಲಿ ಇದ್ದ ಕುರ್ಚಿ ತೋರಿಸುತ್ತದೆ. ಖಾಲಿ ಇಲ್ಲದಿದ್ದರೆ ಡೊಂಯ್ ಎಂದು ಬಾಗಿಲಲ್ಲೇ ನಿಲ್ಲಿಸುತ್ತದೆ. ಆದರೆ ಸೆಟ್ಟಿನ ತಲೆಯ ಮೇಲೊಂದು ಕಿತ್ತಳೆ ಬಣ್ಣದ ಬಟನ್ ಇದೆ. ಅದನ್ನು ಒತ್ತಿದವನು ಮದುಮಗನ ಅಪ್ಪ. ಉಣ್ಣುತ್ತಿದ್ದವರೆಲ್ಲ ಕೈ ತಡೆದು ಅವನ ಮಾತು ಕೇಳಬೇಕು. ಎಲ್ಲ ಸೆಟ್ಟುಗಳಲ್ಲೂ ಅವನದೇ ದನಿ.

"ಮೊಯ್ದೀನನ ಹೊಟ್ಟೆ ನೀವು ನೋಡಿದ್ದೀರಾ ಸರ್?"

"ವಿಷಯಕ್ಕೆ ಬನ್ನಿ."

"ಅದೇ ವಿಷಯ. ಅವ ಕಾರ್ಡ್‌ಬೋರ್ಡಿನ ಮೇಲೆ ಮಲಗಿ ಬಲಕ್ಕೆ ವಾಲಿದ ಅಂತಿಟ್ಟುಕೊಳ್ಳಿ, ಹೊಟ್ಟೆ ನಿಧಾನಕ್ಕೆ ಇಳಿದು ಬಂದು ಕಿತ್ತಳೆ ಬಟನ್ನಿನ ಮೇಲೆ ಕೂತುಕೊಳ್ತದೆ."

"ಹಾಗಾದ್ರೆ ಹೌದು ಅಂತೀರಾ!" ಶಾಮಸುಂದರ ಫೋನನ್ನು ನನ್ನ ಬಾಯಿಯ ಹತ್ತಿರಕ್ಕೆ ತಳ್ಳಿದರು.

"ನಿನ್ನೆಯದ್ದು ಅಲ್ಲ ಸರ್, ನಮ್ಮ ಗೋಡೌನಿಗೆ ಸೇಫ್ಟಿ ಟ್ರೋಫಿ ಬಂತಲ್ಲ, ಆ ದಿನದ್ದು ಹೇಳ್ತಾ ಇದ್ದೇನೆ. ಅದು ಕೇಳದೆ ನಿನ್ನೆಯದ್ದು ಅರ್ಥ ಆಗುದಿಲ್ಲ."

ಟ್ರೋಫಿ ಎಂದ ಕೂಡಲೇ ಅವರು ಸ್ವಲ್ಪ ನೆಟ್ಟಗೆ ಕೂತರು. ಹೆಡ್ಡಾಫೀಸಿನ ಬಾಗಿಲಲ್ಲೇ ಗಾಜಿನ ಪೆಟ್ಟಿಗೆಯಲ್ಲಿ ಅದನ್ನು ಇಟ್ಟಿದ್ದಾರೆ. ಪಕ್ಕದಲ್ಲಿ ರಘುನಂದನರ ಫೋಟೊ. ಆಗ ಅವರು ನಮ್ಮ ಗೋಡೌನಿನ ಸೇಫ್ಟಿ ಮ್ಯಾನೇಜರ್. ಆ ಟ್ರೋಫಿಯ ಮೇಲೆ ಹತ್ತಿ ಈಗ ಶಾಮಸುಂದರರ ಮೇಲಧಿಕಾರಿಯಾಗಿ ಕೂತಿದ್ದಾರೆ.

ಆ ದಿನ ಇನ್ಶೂರೆನ್ಸ್ ಕಂಪೆನಿಯಿಂದ ಪರ್ಲ್ ಎಂಬ ಮಹಿಳೆ ಸುರಕ್ಷತೆಯ ತಪಾಸಣೆಗೆ ಬಂದಿದ್ದಳು. ನಮ್ಮವಳೇ, ಕುಲಶೇಖರದ ಕಡೆಯವಳು. ನಗುವುದಕ್ಕೂ ಪರ್ಮಿಟ್ ಕೇಳುವ ಜಾತಿ. ಮಧ್ಯಾಹ್ನ ಕ್ಯಾಂಟೀನಿನಲ್ಲಿ ಬಿರಿಯಾನಿ. ಊಟ ಮುಗಿದು ರಘುನಂದನರು ಅವಳಿಗೆ ರೇಡಿಯೊ ಹಿಡಿದು, "ಇದರಲ್ಲಿ ಪಿನ್ ಬಿದ್ರೂ ಕೇಳಿಸುತ್ತೆ ಮೇಡಂ" ಎನ್ನುವುದಕ್ಕೂ ಎಮರ್ಜೆನ್ಸಿ ಗಂಟೆ ಹೊಡೆದು ಗೊರಕೆ ಶುರುವಾಗುವುದಕ್ಕೂ ಸರಿಹೋಯಿತು.

ಅದು ಸಾಮಾನ್ಯ ಗೊರಕೆಯಲ್ಲ. ಮೊದಲು ದೊಡ್ಡ ಲಾರಿ ಹಿಂದಕ್ಕೆ ಬರುವ ಸದ್ದು. ನಂತರ ಪೂರ್ತಿ ಮೌನ, ಹೋದನೇನೋ ಎಂದು ಎದೆ ಹಾರುವಷ್ಟು. ಕೊನೆಗೆ ಪ್ರೆಶರ್ ಕುಕ್ಕರಿನ ಉಸಿರು. ಇಡೀ ಗೋಡೌನಿನ ಎಲ್ಲ ಸೊಂಟಗಳಿಂದ ಒಟ್ಟಿಗೇ.

"ಯಾವನ್ರೀ ಅವ್ನು?" ಎಂದು ರಘುನಂದನರು ಕೆಂಪಗಾದರು. "ಜುವಾಕಿಂ, ನಿಮ್ಮ ಸ್ಕ್ಯಾನರ್ ತಗೊಳ್ಳಿ. ಈಗಲೇ ಹಿಡೀಬೇಕು. ಇವತ್ತೇ ಅವನ ವೀಸಾ ಕ್ಯಾನ್ಸಲ್!"

ಮೆರವಣಿಗೆ ಹೊರಟಿತು. ಮುಂದೆ ನಾನು, ಆಂಟೆನಾ ಎತ್ತಿಕೊಂಡು. ನನ್ನ ಹಿಂದೆ ರಘುನಂದನ, ಅವರ ಹಿಂದೆ ಪರ್ಲ್, ಅವಳ ಹಿಂದೆ ಕೆಲಸವಿಲ್ಲದವರೆಲ್ಲ. ಮೊಯ್ದೀನ್ ಮಲಗುವುದು ಟೈಲ್ಸ್ ಇಡುವ ಶೆಡ್ಡಿನ ಹಿಂದೆ ಎಂದು ನನಗೆ ಗೊತ್ತು. ಹಾಗಾಗಿ ಎಲ್ಲರನ್ನೂ ಪೈಂಟಿನ ಶೆಡ್ಡಿಗೆ ಕರೆದೊಯ್ದೆ. ಅಲ್ಲಿಂದ ಸೋಫಾಗಳ ಶೆಡ್ಡಿಗೆ. "ಸಿಗ್ನಲ್ ಜೋರಾಗ್ತಾ ಉಂಟು" ಎಂದು ನಡುನಡುವೆ ಹೇಳುತ್ತಿದ್ದೆ.

ಅನಾಹುತವಾದದ್ದು ಸೋಫಾಗಳಿಂದ. ಹೊಟ್ಟೆಯಲ್ಲಿ ಬಿರಿಯಾನಿ, ಕಿವಿಯಲ್ಲಿ ಆ ತಾಳ. ಮೊದಲು ಹಿಂದಿನವನೊಬ್ಬ ಆಕಳಿಸಿದ. ಆಕಳಿಕೆ ಒಬ್ಬರಿಂದ ಒಬ್ಬರಿಗೆ ದಾಟಿ ಮುಂದೆ ಬಂತು. ಪರ್ಲ್ "ಒಂದು ನಿಮಿಷ ಕೂತ್ಕೊಳ್ತೇನೆ" ಎಂದಳು. ರಘುನಂದನರು "ಶಿಸ್ತು ಅಂದ್ರೆ..." ಎಂದು ಶುರುಮಾಡಿ, ಶಿಸ್ತು ಏನೆಂದು ಹೇಳುವ ಮೊದಲೇ ಅವಳ ಎದುರಿನ ಸೋಫಾದಲ್ಲಿ ಮುಗಿದರು. ಗೇಟಿನ ಸೆಕ್ಯುರಿಟಿ ಕುರ್ಚಿಯಲ್ಲಿ, ಕ್ಯಾಂಟೀನಿನವನು ಸೌಟು ಹಿಡಿದುಕೊಂಡು, ಕ್ರೇನಿನವನು ಮೇಲೆ ಕ್ರೇನಿನಲ್ಲೇ. ಸೆಟ್ ಇದ್ದ ಒಬ್ಬನೂ ಉಳಿಯಲಿಲ್ಲ, ಸೆಟ್ ಇಲ್ಲದವರು ಪಕ್ಕದವನ ಸೆಟ್ ಕೇಳಿ ಮಲಗಿದರು.

"ನೀವು ಮಾತ್ರ ಎದ್ದಿದ್ರಾ?" ಶಾಮಸುಂದರರ ಕಣ್ಣಿನಲ್ಲಿ ಸಂಶಯ.

"ಸರ್, ನನ್ನ ಗರ್ಟ್ರೂಡ್ ಇದ್ದಾಳಲ್ಲ, ಮದುವೆಯಾದಾಗಿನಿಂದ ದಿನಾ ರಾತ್ರಿ ಅದಕ್ಕಿಂತ ಜೋರು. ಮೊಯ್ದೀನಂದು ನನಗೆ ಜೋಗುಳವೂ ಅಲ್ಲ. ಇದು ಮಾತ್ರ ರೆಕಾರ್ಡಿಂಗಿನಿಂದ ತೆಗೀರಿ, ದಮ್ಮಯ್ಯ."

ಅಷ್ಟರಲ್ಲಿ ಮೊಯ್ದೀನ್ ನಿದ್ದೆ ಮುಗಿಸಿ ಎದ್ದ. ಮುಖ ತೊಳೆದು ಶೆಡ್ಡಿನ ಹಿಂದಿನಿಂದ ಹೊರಗೆ ಬಂದು ನೋಡುತ್ತಾನೆ, ಎಲ್ಲಿ ನೋಡಿದರೂ ಜನ ಬಿದ್ದಿದ್ದಾರೆ. ರಕ್ತವಿಲ್ಲ, ಹೊಗೆಯಿಲ್ಲ. ಸೇಫ್ಟಿ ಟ್ರೇನಿಂಗಿನಲ್ಲಿ ರಘುನಂದನರೇ ಅವನಿಗೆ ಹತ್ತು ಸಲ ಹೇಳಿಕೊಟ್ಟಿದ್ದರು: ಜನ ಕಾರಣವಿಲ್ಲದೆ ಬಿದ್ದಿದ್ದರೆ ಅದು ಗ್ಯಾಸ್. ಮೊಯ್ದೀನ್ ಎದೆ ಬಡಿದುಕೊಳ್ಳುತ್ತ ಓಡಿ ಮುಖಕ್ಕೆ ಮಾಸ್ಕ್ ಏರಿಸಿದ. ಜೀವಮಾನದಲ್ಲಿ ಮೊದಲ ಸಲ ಕಿತ್ತಳೆ ಬಟನ್ನನ್ನು ಹೊಟ್ಟೆಯಿಂದಲ್ಲ, ಬೆರಳಿನಿಂದ ಒತ್ತಿದ.

ನನ್ನ ಸ್ಕ್ಯಾನರಿನಲ್ಲಿ ಬಂತು: "ಗ್ಯಾಸ್! ಗ್ಯಾಸ್! ಯಾ ಅಲ್ಲಾ, ಮ್ಯಾನೇಜರ್ ಸಾಹೇಬ್ರೂ ಹೋದ್ರು! ಪೊರ್ಬುಗಳೇ, ನೀವಾದ್ರೂ ಉಂಟಾ?"

"ಉಂಟು ಬ್ಯಾರಿಗಳೇ," ಎಂದೆ, ಹತ್ತಿರ ಮಲಗಿದ್ದವನ ಸೆಟ್ ಎತ್ತಿಕೊಂಡು. "ಹೆದರ್ಬೇಡಿ, ಅವರು ಬರೇ..."

ಪೂರ್ತಿ ಕೇಳುವ ತಾಳ್ಮೆ ಅವನಿಗೆಲ್ಲಿ? ಫೋರ್ಕ್‌ಲಿಫ್ಟ್ ಹತ್ತಿಯಾಗಿತ್ತು. ಅವನಿಗೆ ಗೊತ್ತಿದ್ದದ್ದು ಸಾಮಾನು ಸಾಗಿಸುವ ಕೆಲಸ. ಅದನ್ನೇ ಮಾಡಿದ. ಸಾಮಾನು ಪೇರಿಸುವ ಮರದ ಪ್ಯಾಲೆಟ್ಟಿನ ಮೇಲೆ ಜನರನ್ನು ತಲೆ ಒಂದು ಕಡೆ, ಕಾಲು ಒಂದು ಕಡೆ ಜೋಡಿಸಿದ. ಜಾರದ ಹಾಗೆ ಪ್ಲಾಸ್ಟಿಕ್ ಸುತ್ತಿದ, ಮೂಗು ಬಿಟ್ಟು. ಮೊದಲು ಬಿದ್ದವರು ಮೊದಲು ಹೊರಗೆ, ಗೋಡೌನಿನ ನಿಯಮ. ಪರ್ಲ್‌ಗೆ 'ಒಡೆಯುವ ವಸ್ತು' ಎಂಬ ಸ್ಟಿಕ್ಕರ್ ಅಂಟಿಸಿ ಪ್ರತ್ಯೇಕ ಪ್ಯಾಲೆಟ್ ಕೊಟ್ಟ. ರಘುನಂದನರ ಹಣೆಗೆ 'ಈ ಬದಿ ಮೇಲೆ'. ಎಲ್ಲರನ್ನೂ ಗೇಟಿನ ಹತ್ತಿರದ ಬಯಲಿಗೆ ತಂದು ಸಾಲಾಗಿ ಇಳಿಸಿದ. ಜನವರಿಯ ಹಿತವಾದ ಬಿಸಿಲು ಬಿದ್ದು ಅವರ ನಿದ್ದೆ ಇನ್ನೂ ಗಟ್ಟಿಯಾಯಿತು.

ಕೊನೆಗೆ ಎಬ್ಬಿಸಿದ್ದು ಹೊರಗೆ ಕಾಯುತ್ತಿದ್ದ ಲಾರಿಯವರು. ಅವರಲ್ಲಿ ಸೆಟ್ ಇರಲಿಲ್ಲವಾದ್ದರಿಂದ ಎಚ್ಚರವಿದ್ದರು. ಸಿಟ್ಟಿನಲ್ಲಿ ಎಲ್ಲರೂ ಒಟ್ಟಿಗೆ ಹಾರ್ನ್ ಹೊಡೆದರು.

ಪರ್ಲ್ ಕಣ್ಣು ಬಿಟ್ಟಾಗ ಎದುರಿಗೆ ಮಾಸ್ಕ್ ಹಾಕಿಕೊಂಡು ಬೆವರು ಸುರಿಸುತ್ತ ನಿಂತ ಒಬ್ಬ ಮನುಷ್ಯ. ಸುತ್ತ ಸಾಲು ಸಾಲು ಜನ, ಒಬ್ಬರಿಗೂ ಗೀರಿನಷ್ಟು ಗಾಯವಿಲ್ಲ. ಗಾಯವಿಲ್ಲದಿದ್ದುದು ಮಾತ್ರವಲ್ಲ, ಎಲ್ಲರೂ ರಜೆ ಮುಗಿಸಿ ಬಂದವರ ಹಾಗೆ ಲವಲವಿಕೆಯಿಂದ ಇದ್ದರು. "ಇಂಥ ರೆಸ್ಕ್ಯೂ ನಾನು ಎಲ್ಲಿಯೂ ನೋಡಲಿಲ್ಲ" ಎಂದು ಅವಳು ಕಣ್ಣೀರು ಹಾಕಿದಳು. ರಘುನಂದನರಿಗೆ ಮಲಗಿದ್ದು ನೆನಪಿತ್ತು. ಅವರು ಅವಳ ಮುಖ ನೋಡಿದರು, ತನ್ನ ಮೈಮೇಲಿನ ಪ್ಲಾಸ್ಟಿಕ್ ನೋಡಿದರು, "ಹೌದು, ಗ್ಯಾಸ್" ಎಂದರು. ಟ್ರೋಫಿ ಬಂತು. ಇನ್ಶೂರೆನ್ಸಿನವರು ರೇಟು ಇಳಿಸಿದರು. ಮೊಯ್ದೀನ್ ಸೂಪರ್‌ವೈಸರ್ ಆದ.

ಅವನು ಇವತ್ತಿಗೂ ನನ್ನಲ್ಲಿ ಕೇಳುವುದುಂಟು, "ಪೊರ್ಬುಗಳೇ, ಆ ಗ್ಯಾಸ್ ಎಲ್ಲಿಂದ ಬಂತು ಮಾರಾಯ್ರೆ?"

"ನಿಮ್ಮ ಮೂಗಿನಿಂದ ಬ್ಯಾರಿಗಳೇ," ಎನ್ನುತ್ತೇನೆ. "ನಿಮಗೆ ಯಾವಾಗ್ಲೂ ತಮಾಷೆ," ಎಂದು ಅವನು ನಗುತ್ತಾನೆ.

ಶಾಮಸುಂದರ ಕುರ್ಚಿಯನ್ನು ಹಿಂದಕ್ಕೆ ಸರಿಸಿದರು. "ಇದನ್ನ ನಾನು ನಂಬಬೇಕಾ?"

"ಬೇಡ ಸರ್. ಒಂದೇ ಪ್ರಶ್ನೆಗೆ ಉತ್ತರ ಹೇಳಿ. ರಘುನಂದನ ಸರ್ ಹಣೆಯಲ್ಲಿ ಒಂದು ಚೌಕದ ಬಿಳಿ ಗುರುತು ಉಂಟಾ, ಇಲ್ಲವಾ? ಅಷ್ಟು ಹೇಳಿ."

ಶಾಮಸುಂದರರ ಬಾಯಿ ತೆರೆಯಿತು. "ಅದು... ಬಿಸಿಲಿಗೆ ಆಗಿದ್ದು ಅಂದಿದ್ರು."

"ಮತ್ತೆ? ಬಿಸಿಲಿಗೇ ಆದದ್ದು. ಸ್ಟಿಕ್ಕರ್ ಇದ್ದಲ್ಲಿ ತಾಗಲಿಲ್ಲ."

ಶಾಮಸುಂದರ ತಮ್ಮ ಹಣೆಯನ್ನೇ ಒಮ್ಮೆ ಸವರಿಕೊಂಡರು; ತಲೆಯ ಮೇಲೆ ಏಸಿ ಗುಂಯ್ ಎನ್ನುತ್ತಿತ್ತು.

"ಈಗ ನಿಮ್ಮ ಪ್ರಶ್ನೆಗೆ ಬರುವ ಸರ್. ನಿನ್ನೆಯ ಗೊರಕೆ ಯಾರದ್ದು ಅಂತ ನಾನು ಧಾರಾಳ ಹೇಳ್ತೇನೆ. ಆದ್ರೆ ನಿನ್ನೆಯದ್ದೂ ಅವತ್ತಿನದ್ದೂ ಒಂದೇ ಮೂಗಾ ಅಂತ ಮೇಲಿನವರು ಕೇಳ್ತಾರೆ. ಆಮೇಲೆ ಗ್ಯಾಸ್ ಎಲ್ಲಿ ಅಂತ ಕೇಳ್ತಾರೆ. ಪರ್ಲ್ ಮೇಡಂ ಬರ್ತಾರೆ. ಗಾಜಿನ ಪೆಟ್ಟಿಗೆ ತೆರೀತಾರೆ. ರಘುನಂದನ ಸರ್ ಹತ್ರ ಈ ರೆಕಾರ್ಡಿಂಗ್ ನೀವೇ ಕೇಳಿಸ್ತೀರಾ, ನಾನು ಬರ್ಬೇಕಾ?"

ಅದೇ ಹೊತ್ತಿಗೆ ಸ್ಕ್ಯಾನರಿನ ಕೆಂಪು ದೀಪ ಹತ್ತಿತು. ಗಂಟೆ ಹೊಡೆಯಿತು. ಲಾರಿ ಹಿಂದಕ್ಕೆ ಬರುವ ಸದ್ದು. ಮೌನ. ಕುಕ್ಕರಿನ ಉಸಿರು.

"ಇದೇನು?" ಎಂದು ಶಾಮಸುಂದರ ಪಿಸುಗುಟ್ಟಿದರು.

"ಏಸಿ," ಎಂದೆ.

ಅವರು ಆಕಳಿಸಿದರು. ಆಕಳಿಕೆಯ ನಡುವಿನಲ್ಲಿ ಬೆಚ್ಚಿಬಿದ್ದು ನನ್ನ ಕುರ್ಚಿಯ ಹಿಂದೆ ನೋಡಿದರು. ಅಲ್ಲಿ ಪ್ಲಾಸ್ಟಿಕ್ಕಿನ ದೊಡ್ಡ ಉರುಳೆಯೊಂದಿತ್ತು. ಗೋಡೌನಿನಲ್ಲಿ ಅದು ಎಲ್ಲ ಕಡೆಯೂ ಇರುತ್ತದೆ. ಅವರು ಎದ್ದರು. ಫೋನ್ ತೆಗೆದು ರೆಕಾರ್ಡಿಂಗ್ ಅಳಿಸಿದರು, ನಾನು ಕಣ್ಣಾರೆ ನೋಡಿದೆ. ಹಾಗೆಯೇ ಒಂದು ನಂಬರ್ ಒತ್ತಿ ಕಿವಿಗಿಟ್ಟುಕೊಂಡು ಬಾಗಿಲ ಕಡೆ ನಡೆದರು.

"ಸರ್, ನಮಸ್ಕಾರ. ಇಲ್ಲ ಸರ್, ಗೊರಕೆ ಅಲ್ಲ. ಏಸಿ ಸೌಂಡಂತೆ. ಮೊಯ್ದೀನ್ ಮೇಲೆ ಏನೂ ಇಲ್ಲ ಸರ್, ಕೇಸ್ ಕ್ಲೋಸ್."

"ಅಯ್ಯೋ ಸರ್, ಕೂತ್ಕೊಳ್ಳಿ, ಮುಖ್ಯ ವಿಷಯ ಇನ್ನೂ ಬಾಕಿ ಉಂಟು!" ಎಂದು ನಾನು ಅವರ ಬೆನ್ನಿಗೆ ಕೂಗಿದೆ. "ಕ್ರೇನಿನ ಮೇಲೆ ಮಲಗಿದ್ದವನನ್ನು ಇಳಿಸಿದ್ದು ಹೇಗೆ ಅಂತ ನಾನು ಹೇಳ್ಲೇ ಇಲ್ಲ. ಅಷ್ಟು ಎತ್ತರಕ್ಕೆ ಫೋರ್ಕ್‌ಲಿಫ್ಟ್ ಮುಟ್ಟುದಿಲ್ಲ ನೋಡಿ, ಅದಕ್ಕೆ ಮೊಯ್ದೀನ್ ಸೀದಾ ರಸ್ತೆಗೆ ಹೋಗಿ ಒಂದು ಒಂಟೆಯನ್ನು..."

ಬಾಗಿಲು ಧಡಾರನೆ ಮುಚ್ಚಿಕೊಂಡಿತು.