ತಮ್ಮ ತಂದ ಸೀರೆ

"ಆ ಸೀರೆ ತಕೊಂಡು ಬಂದ ದಾರಿ ಹಿಡಿ," ಎಂದು ಪಕ್ಕದ ಮನೆಯ ಶಿವಕುಮಾರ ಗೇಟಿಗೆ ಅಡ್ಡ ಕೈ ಇಟ್ಟ. ಕೂಟಗಲ್ಲಿನಿಂದ ಬೈಕಿನಲ್ಲಿ ಬಂದಿದ್ದ ವೀರೇಂದ್ರ, ಸತ್ತ ಅಕ್ಕ ಗಿರಿಜಾಂಬಳಿಗೆ ತಂದ ಸೀರೆಯ ಕವರು ಹಿಡಿದು ಅಲ್ಲೇ ನಿಂತ. ತವರಿನ ಸೀರೆ ಹೊದಿಸದೆ ಮುತ್ತೈದೆಯ ಹೆಣ ಎತ್ತುವಂತಿಲ್ಲ. ಅಕ್ಕೂರಿನ ಹೊಲದಲ್ಲಿ ಆಗಲೇ ಗುಣಿ ತೋಡಿಯಾಗಿತ್ತು.

"ಡಾಕ್ಟ್ರು ಎರಡನೇ ಸಲ ಕರೆದ್ರೆ ಅಕ್ಕಂಗೆ ಕೈ ಕೊಟ್ಬುಟ್ಟೆ. ಊರಿಗೇ ಗೊತ್ತೈತೆ ಕಣ್ಲಾ," ಎಂದ ಶಿವಕುಮಾರ.

ವೀರೇಂದ್ರ ಜಗುಲಿಯತ್ತ ನೋಡಿದ. ಅಲ್ಲಿ ಭಾವ ಗವಿಸಿದ್ದಯ್ಯ ಕಂಬ ಹಿಡಿದು ನಿಂತಿದ್ದ. ಪಕ್ಕದಲ್ಲಿ ಮಾಗಡಿಯ ಗಂಡನ ಮನೆಯಿಂದ ಬಂದ ಮಗಳು ಕವನ. ತಮ್ಮ ಆಸ್ಪತ್ರೆಗೆ ಬರಲಿಲ್ಲ ಎಂದು ಊರಿಗೆ ಹೇಳಿದವನು ಗವಿಸಿದ್ದಯ್ಯನೇ. ಊರು ನಂಬಿತು, ನಂಬುವುದಕ್ಕೆ ಅದಕ್ಕೇನು ಖರ್ಚು? ಮಗಳೂ ನಂಬಿದ್ದಳು. ಈಗ ಅವನು ನಿಜ ಬಾಯಿ ಬಿಟ್ಟರೆ ಹೆಂಡತಿಯ ಹಿಂದೆ ಮಗಳೂ ಕೈತಪ್ಪಿದ ಹಾಗೆ.

*

ಗಿರಿಜಾಂಬಳ ರಕ್ತದ ಕ್ಯಾನ್ಸರು ಬರೀ ಕೀಮೋಗೆ ಬಗ್ಗಲಿಲ್ಲ. ಆಗ ಡಾಕ್ಟರು ಕೀಮೋ ಜೊತೆಗೇ ತಮ್ಮನ ರಕ್ತದಿಂದ ತೆಗೆದ ಜೀವಕೋಶಗಳನ್ನು ಅಕ್ಕನಿಗೆ ಏರಿಸಿದರು. ವಾರವೆಲ್ಲ ಜ್ವರದಲ್ಲಿ ಬೆಂದ ಗಿರಿಜಾಂಬ ಎದ್ದು ಕೂತು ಮುದ್ದೆ ಕೇಳಿದಳು.

"ಇದು ಕಾಯಿಲೇನ ಅದುಮಿಡೋಕಷ್ಟೆ. ಅಸಲು ಮಜ್ಜೆ ಕಸಿ ಇನ್ನೂ ಆಗಬೇಕು, ಅದಕ್ಕೂ ತಮ್ಮನೇ ಬೇಕು," ಎಂದರು ಡಾಕ್ಟರು. "ಹದಿನೆಂಟನೇ ತಾರೀಕಿಗೆ ತಮ್ಮನನ್ನೂ ಕರ್ಕೊಂಡು ಬನ್ನಿ. ತಡ ಮಾಡಬೇಡಿ."

ಹದಿನೆಂಟಕ್ಕೆ ಮನೆಯಲ್ಲಿ ರೇಷ್ಮೆ ಹುಳ ಹಣ್ಣಾದವು. ಹಣ್ಣಾದ ಹುಳವನ್ನು ಆವತ್ತೇ ಗೂಡು ಕಟ್ಟಲು ಬಿದಿರಿನ ಚಂದ್ರಿಕೆಗೆ ಬಿಡಬೇಕು. ಅದು ಒಂದು ದಿನವೂ ಕಾಯುವುದಿಲ್ಲ.

"ವೀರೇಂದ್ರ ಆಸ್ಪತ್ರೇಲಿ ಕಾಯ್ತಾವ್ನೆ," ಎಂದಳು ಗಿರಿಜಾಂಬ.

"ಉಷಾರಾಗಿದ್ದೀಯಲ್ಲ. ಒಸಿ ತಡಿ, ಗೂಡು ಕಟ್ಲಿ, ಹೋಗುವ," ಎಂದು ಗವಿಸಿದ್ದಯ್ಯ, ವೀರೇಂದ್ರನ ಕರೆ ಬರದಂತೆ ಫೋನ್ ಆಫ್ ಮಾಡಿದ. ಗೂಡು ಬಿಡಿಸುವ ಹೊತ್ತಿಗೆ ಕಾಯಿಲೆ ಮರಳಿತ್ತು. ಆಮೇಲೆ ಅದು ಯಾವ ಔಷಧಿಗೂ ಜಗ್ಗಲಿಲ್ಲ.

*

"ನಾನು ಒಳಿಕ್ಕೆ ಬರಾಕಿಲ್ಲ," ಎಂದ ವೀರೇಂದ್ರ. "ಸೀರೆ ಒಂದು ತಕಳಿ. ಅಕ್ಕಂಗೆ ಹೊತ್ತಾಯ್ತದೆ."

ಅಷ್ಟೇ ಅಂದ. ನಿಜವನ್ನು ಅವನೇ ಕೂಗಿ ಹೇಳಿದ್ದರೆ ಗವಿಸಿದ್ದಯ್ಯ ಜಗಳ ಆಡಿಯಾದರೂ ಬಚಾವಾಗುತ್ತಿದ್ದ. ಈ ಸುಮ್ಮನಿರುವಿಕೆಯನ್ನು ಅವನಿಂದ ತಡೆಯಲಾಗಲಿಲ್ಲ.

"ಕೈ ತಗಿ ಶಿವಕುಮಾರ. ಅವ್ನು ಬಂದಿದ್ದ. ಮೂರು ದಿನ ಆಸ್ಪತ್ರೆ ಬೆಂಚಿನ ಮ್ಯಾಲೆ ಕಾದವ್ನೆ. ಇವಳನ್ನ ನಾನೇ ಕರ್ಕೊಂಡ್ ಹೋಗ್ನಿಲ್ಲ. ಹುಳ ಹಣ್ಣಾಗಿದ್ವು."

ಶಿವಕುಮಾರ ಗೇಟಿನಿಂದ ಕೈ ತೆಗೆದ. ಕವನ ಇಳಿದು ಹೋಗಿ ವೀರೇಂದ್ರನ ಕೈ ಹಿಡಿದಳು.

"ಬನ್ನಿ ಮಾವ. ಅವ್ವಂಗೆ ನೀವೇ ಹೊದಿಸ್ಬೇಕು."

ಜಗುಲಿಯ ಮೇಲೆ ಜನ ತುಂಬಿ ದಾರಿ ಇಕ್ಕಟ್ಟಾಗಿತ್ತು. ಅಪ್ಪನನ್ನು ದಾಟುವಾಗ ಕವನ ತನ್ನ ಸೆರಗು ಅವನಿಗೆ ತಾಗದಂತೆ ಎಳೆದು ಸೊಂಟಕ್ಕೆ ಸಿಕ್ಕಿಸಿಕೊಂಡಳು.