ಬೇವು, ಬೆಳ್ಳಿ ಬೆರೆತ ಮುಲಾಮು

ಬೆಳಿಗ್ಗೆ ಕೆಲಸಕ್ಕೆ ಬಂದ ಗಾರ್ಗಿ ಕೈ ತೊಳೆದು ಸೂಕ್ಷ್ಮದರ್ಶಕದ ಮುಂದೆ ಕೂತಳು. ಅವಳು ಕೆಲಸಕ್ಕಿದ್ದ ಮೇಟಗಳ್ಳಿಯ ಔಷಧ ಕಂಪನಿ ಬೇವಿನೆಲೆಯ ರಸ ಬಳಸಿ ಬೆಳ್ಳಿಯ ಅತಿಸೂಕ್ಷ್ಮ ನ್ಯಾನೋ ಕಣಗಳನ್ನು ತಯಾರಿಸಿ, ಗಾಯದ ಮುಲಾಮಿಗೆ ಬೆರೆಸುತ್ತಿತ್ತು. ಅವು ಮನುಷ್ಯನ ಚರ್ಮದ ಜೀವಕೋಶಗಳಿಗೆ ಹಾನಿ ಮಾಡುತ್ತವೆಯೇ ಎಂದು ನೋಡುವುದು ಅವಳ ಕೆಲಸ. ಹಿಂದಿನ ದಿನ ಪ್ರಯೋಗದ ತಟ್ಟೆಗೆ ಅಂಟಿಕೊಂಡು ಹರಡಿದ್ದ ಕೋಶಗಳು, ಮುಲಾಮಿನಲ್ಲಿರುವಷ್ಟೇ ಬೆಳ್ಳಿ ಹಾಕಿದ ಮೇಲೆ, ಈಗ ಮುದುಡಿ, ಸತ್ತು ತೇಲುತ್ತಿದ್ದವು. ಬೆಳ್ಳಿ ಸೋಕದ ತಟ್ಟೆಯಲ್ಲಿ ಮತ್ತು ತೀರಾ ಕಡಿಮೆ ಬೆಳ್ಳಿ ಹಾಕಿದ ತಟ್ಟೆಯಲ್ಲಿ ಮಾತ್ರ ಚೆನ್ನಾಗಿದ್ದವು. ಮತ್ತೆ ಮತ್ತೆ ಮಾಡಿ ನೋಡಿದರೂ ಫಲ ಅದೇ.

ಮಾಲೀಕ ಸುದರ್ಶನ ಅವಳು ಹೇಳಿದ್ದನ್ನು ಸಮಾಧಾನವಾಗಿಯೇ ಕೇಳಿಸಿಕೊಂಡ. ಸುಟ್ಟ ಗಾಯಕ್ಕೆ ವೈದ್ಯರು ಬೆಳ್ಳಿ ಬಳಸುವುದು ಹೊಸದಲ್ಲ, ತಟ್ಟೆಯ ಕೋಶವೇ ಬೇರೆ, ಮೈಯೇ ಬೇರೆ, ಕಡಿಮೆ ಪ್ರಮಾಣದಲ್ಲಿ ಕೋಶಗಳು ಬದುಕಿದ್ದವಲ್ಲ, ವರದಿಯಲ್ಲಿ ಅಷ್ಟನ್ನು ಬರೆದರೆ ಸಾಕು ಎಂದ.

"ಮುಲಾಮಿನಲ್ಲಿ ಇರೋದು ಆ ಪ್ರಮಾಣ ಅಲ್ವಲ್ಲ ಸಾರ್. ಕಡಿಮೆ ಮಾಡಿ, ಮತ್ತೆ ಪರೀಕ್ಷೆ ಮಾಡೋಣ."

"ಬೇವಿನೆಲೆ ಕಣ್ರೀ ಅದು. ನಮ್ಮಜ್ಜಿ ಹಸುಗೂಸಿಗೂ ಹಚ್ತಿದ್ರು."

"ನಿಮ್ಮಜ್ಜಿ ಹಚ್ತಿದ್ದಿದ್ದು ಎಲೆ. ಬೆಳ್ಳಿ ಅಲ್ಲ."

ಆಷಾಢ ಶುಕ್ರವಾರ ಚಾಮುಂಡಿ ಬೆಟ್ಟದ ಪಾದದಲ್ಲಿ ಶಿಬಿರ ಗೊತ್ತಾಗಿದೆ, ಬರಿಗಾಲಲ್ಲಿ ಮೆಟ್ಟಿಲು ಹತ್ತಿಳಿದವರಿಗೆ ಮುಲಾಮು ಪುಕ್ಕಟೆ ಕೊಡುತ್ತೇವೆ, ಮಾರುವುದಿಲ್ಲವಾದ್ದರಿಂದ ಪರವಾನಗಿಯ ಮಾತೇ ಬರುವುದಿಲ್ಲ ಎಂದು ಅವನು ಮಾತು ಮುಗಿಸಿದ. ಗಾರ್ಗಿಯ ಮೈ ಉರಿದುಹೋಯಿತು. ಪ್ರಯೋಗಾಲಯದ ಮುಖ್ಯಸ್ಥ ಕೃಷ್ಣಸ್ವಾಮಿಯವರ ಬಳಿ ಹೋದರೆ, ಸುರಕ್ಷಿತವೆಂದು ತಾವು ಆಗಲೇ ಸಹಿ ಹಾಕಿದ್ದಾಯಿತು, ನಿವೃತ್ತಿಯ ಹೊತ್ತಿನಲ್ಲಿ ಜಗಳ ಬೇಡ ಎಂದು ಮುಖ ತಿರುಗಿಸಿದರು. ಔಷಧ ನಿಯಂತ್ರಣ ಕಚೇರಿಗೆ ಅವಳು ಕೊಟ್ಟ ದೂರಿಗೆ ಶುಕ್ರವಾರದವರೆಗೂ ಉತ್ತರ ಬರಲಿಲ್ಲ.

ಅವಳೇ ಬೆಟ್ಟದ ಪಾದಕ್ಕೆ ಹೋದಳು. ಶಾಮಿಯಾನದಡಿ ಕೃಷ್ಣಸ್ವಾಮಿ ಸನ್ಮಾನದ ಶಾಲು ಹೊದ್ದು ಕೂತಿದ್ದರು. ಬೊಬ್ಬೆ ಒಡೆದು ಅಂಗಾಲು ಕೆಂಪಾಗಿದ್ದ ಬೀರಮ್ಮ ಎಂಬ ಹೆಂಗಸಿಗೆ ಶಿಬಿರದ ಹುಡುಗನೊಬ್ಬ ಮುಲಾಮು ಹಚ್ಚುತ್ತಿದ್ದ. ಗಾರ್ಗಿ ಅವನ ಕೈಯಿಂದ ಟ್ಯೂಬು ಕಿತ್ತುಕೊಂಡಳು.

"ಧರ್ಮಕ್ಕೆ ಕೊಡೋದನ್ನೂ ಕಿತ್ಕೋತೀಯೇನವ್ವಾ?" ಎಂದಳು ಬೀರಮ್ಮ.

"ಧರ್ಮ ಅಲ್ಲಮ್ಮ ಇದು. ನಿಮ್ಮ ಕಾಲ ಮೇಲೆ ಪರೀಕ್ಷೆ ಮಾಡ್ತಿದಾರೆ." ಗಾರ್ಗಿ ಸಿಟ್ಟಿನಿಂದ ಟ್ಯೂಬಿನ ಮುಚ್ಚಳ ಬಿಗಿದಳು.

ಬೇರೆ ಕಂಪನಿಯವರು ಕಳಿಸಿದ ಹೆಂಗಸು ಎನ್ನುತ್ತ ಶಿಬಿರದ ಇಬ್ಬರು ಅವಳನ್ನು ಪಕ್ಕಕ್ಕೆ ತಳ್ಳಿದರು. ಗೊಂದಲಗೊಂಡ ಬೀರಮ್ಮ ಶಾಲು ಹೊದ್ದ ಹಿರಿಯರತ್ತ ತಿರುಗಿದಳು.

"ನೀವೇಳಿ ಸ್ವಾಮಿ. ಅಚ್ಕೋಬೋದಾ?"

ಕೃಷ್ಣಸ್ವಾಮಿ ಆ ಕಾಲನ್ನೇ ನೋಡಿದರು. ಹೊದ್ದಿದ್ದ ಶಾಲು ತೆಗೆದಿಟ್ಟರು. ಎದ್ದು ಮೈಕು ಹಿಡಿದರು.

"ಇದು ಸುರಕ್ಷಿತ ಅಂತ ಸಹಿ ಹಾಕಿದವನು ನಾನು. ಅದು ಸುಳ್ಳು. ಹಚ್ಕೊಂಡಿರೋರು ತೊಳ್ಕೊಳ್ಳಿ, ಟ್ಯೂಬು ವಾಪಸ್ ಕೊಡಿ."

ಸುದರ್ಶನ ಓಡಿಬಂದು ಮೈಕು ಕಸಿಯುವಷ್ಟರಲ್ಲಿ ಜನ ಟ್ಯೂಬುಗಳನ್ನು ಮೇಜಿನ ಮೇಲೆ ಎಸೆಯತೊಡಗಿದ್ದರು. ಕೃಷ್ಣಸ್ವಾಮಿ ಬಕೆಟ್ಟಿನಲ್ಲಿ ನೀರು ತಂದು, ನೆಲದ ಮೇಲೆ ಕೂತು ಬೀರಮ್ಮನ ಕಾಲು ತೊಳೆಯತೊಡಗಿದರು.

ಗಾರ್ಗಿಯ ಸಿಟ್ಟು ಇಳಿದಿರಲಿಲ್ಲ. "ಮೊದಲೇ ಹೇಳಬಹುದಿತ್ತು ಸಾರ್" ಎಂದಳು.

ಅವರು ಇನ್ನೊಂದು ಕಾಲಿಗೆ ನೀರು ಹೊಯ್ದರು. ಗಾರ್ಗಿ ಬಕೆಟ್ಟಿನ ಇನ್ನೊಂದು ಬದಿಗೆ ಕೂತು, ಮುಲಾಮು ಹಚ್ಚಿಕೊಂಡಿದ್ದ ಮುಂದಿನವರ ಕಾಲು ತೊಳೆಯತೊಡಗಿದಳು.